ಅಶೋಕಪುರಂನಲ್ಲೂ ಒಂದು ಸ್ಟಾಪ್ ಕೊಡಿ



ಕೊಳ್ಳೇಗಾಲದಿಂದ ಅಕ್ಕನ ಮಗಳು ಬಂದಿದ್ಲು. ಭಾನುವಾರ ಸಂಜೆ ಅವಳನ್ನ ಕರ್ಕೊಂಡು ಮೈಸೂರು ತೋರಿಸೋ ಡಬಲ್ ಡೆಕ್ಕರ್ ಬಸ್ಸು ಹತ್ತಿದೆ. ಮೇಲೆ ತೆರೆದ ಸೀಟು, ತಣ್ಣನೆ ಗಾಳಿ, ದೀಪ ಹಚ್ಚಿದ ಅರಮನೆ. ಚೆನ್ನಾಗೇ ಇತ್ತು, ಸುಳ್ಳು ಯಾಕೆ ಹೇಳಲಿ.

ಪುರಭವನದ ಹತ್ರ ಬಾಬಾಸಾಹೇಬರ ಪ್ರತಿಮೆ ಕಂಡಾಗ ಅವಳು ಎದ್ದು ನಿಂತು ಕೈ ಮುಗಿದಳು. ಬಸ್ಸಿನ ಮೈಕು ಮಾತ್ರ ಆಗಲೇ ಮುಂದಿನ ಸರ್ಕಲ್ಲಿನ ಮಹಾರಾಜರ ಕಥೆ ಶುರು ಮಾಡಿತ್ತು. "ಮಾವ, ಈ ಊರಲ್ಲಿ ನಮ್ಮೋರದು ಇಷ್ಟೇನಾ?" ಅಂದಳು.

ಮೈಕು ಚಿನ್ನದ ಅಂಬಾರಿ 750 ಕೆಜಿ ಅಂತ ಹೇಳ್ತು. ಹಳೇ ಅರಮನೆ 1897ರಲ್ಲಿ ಸುಟ್ಟಿದ್ದು, ಹೊಸದು 1912ರಲ್ಲಿ ಮುಗಿದಿದ್ದು ಹೇಳ್ತು. ಅದೇ ಅರಮನೆಯ ನಾಲ್ವಡಿಯವರು 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿದ್ದು, ಸರ್ಕಾರಿ ನೌಕರಿಯಲ್ಲಿ ಹಿಂದುಳಿದವರಿಗೆ ಪಾಲು ಕೊಡೋ ಆ ದಾರಿ ಒಪ್ಪದೆ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟಿದ್ದು ಹೇಳಲಿಲ್ಲ. ನನ್ನಂಥ ಗುಮಾಸ್ತ ಇವತ್ತು ಕಚೇರಿಯ ಕುರ್ಚಿಯಲ್ಲಿ ಕೂತಿರೋದಕ್ಕೂ ಆ ಕಥೆಗೂ ಸಂಬಂಧ ಇದೆ. 1973ರಲ್ಲಿ ಬಸವಲಿಂಗಪ್ಪನವರು ಇದೇ ಊರಲ್ಲಿ 'ಬೂಸಾ' ಅಂದಿದ್ದು, ಹುಡುಗರು ಏಟು ತಿಂದಿದ್ದು, ಅವರ ಮಂತ್ರಿಗಿರಿ ಹೋಗಿದ್ದು, ಆ ಬೆಂಕಿಯಿಂದ ದಲಿತ ಚಳವಳಿ ಎದ್ದಿದ್ದು ಕೂಡ ಮೈಸೂರಿನ ಇತಿಹಾಸವೇ ಅಲ್ವಾ? (ಬೆಟ್ಟದ ಮಹಿಷನ ವಿಚಾರ ಇನ್ನೊಂದು ಪೋಸ್ಟಿನಲ್ಲಿ ಬರೀತೀನಿ, ಅದು ಉದ್ದ ಇದೆ.) 2015, 2016ರಲ್ಲಿ ದೇಶಕ್ಕೇ ಮೊದಲ ಸ್ವಚ್ಛ ನಗರ ಅಂತ ಮೆರೆಯುವಾಗಲೂ ಪೊರಕೆ ಹಿಡಿದವರ ಜಾತಿ ಯಾರೂ ಕೇಳಲಿಲ್ಲ.

ಬೇರೆ ದೇಶಗಳ ಹಳೇ ಊರುಗಳಲ್ಲಿ ಬಸ್ಸು ಇಡೀ ದಿನ ಸುತ್ತುತ್ತೆ. ಒಂದೇ ಟಿಕೆಟ್, ಬೇಕಾದ ಸ್ಟಾಪಲ್ಲಿ ಇಳಿ, ನೋಡಿ ಮುಗಿದ ಮೇಲೆ ಹಿಂದೆ ಬರೋ ಬಸ್ಸು ಹತ್ತು. ಮೈಸೂರಿಗೂ ಅದು ಬೇಕು ಅನ್ನೋ ಮಾತಿದೆ. ಬರಲಿ. ಆದರೆ ಎಲ್ಲಿ ಇಳೀಬೇಕು ಅಂತ ನಾವು ಆರಿಸ್ಕೊಳ್ಳೋದು, ಅವರು ಸ್ಟಾಪ್ ಕೊಟ್ಟ ಕಡೆ ಮಾತ್ರ. ಆ ಪಟ್ಟಿ ಬರೆಯೋರು ಯಾರು ಅನ್ನೋದೇ ನನ್ನ ತಕರಾರು.

ಅಶೋಕಪುರಂಗೆ ರೈಲ್ವೆ ಸ್ಟೇಷನ್ ಇದೆ. ರೈಲು ನಿಲ್ಲೋ ಕಡೆ ಪ್ರವಾಸಿ ಬಸ್ಸು ನಿಲ್ಲೋಕೆ ಏನು ಕಷ್ಟ?

ಗೆಳೆಯರೊಬ್ಬರು ಫೋನಲ್ಲಿ ರೇಗಿದರು. "ನಮ್ಮ ಕೇರಿನ ಝೂ ಮಾಡ್ತೀಯೇನಯ್ಯಾ?" ಅಂತ. ಮಾತು ಸರಿಯಾಗೇ ಇದೆ, ಎರಡು ರಾತ್ರಿ ಕೊರೆದಿದೆ. ಮೇಲಿನ ಸೀಟಿನಿಂದ ಫೋಟೋ ಹೊಡ್ಕೊಂಡು ಹೋಗೋ ಹಾಗಿದ್ರೆ ಬಸ್ಸು ನಮ್ಮ ಬೀದಿಗೆ ಬರೋದೇ ಬೇಡ. ಅದಕ್ಕೇ ಸ್ಟಾಪ್ ಕೇಳ್ತಿರೋದು. ಜನ ಇಳೀಬೇಕು, ನಮ್ಮ ಅಂಗಡೀಲಿ ಟೀ ಕುಡೀಬೇಕು, ಅಂಬೇಡ್ಕರ್ ಪಾರ್ಕಲ್ಲಿ ಕೂರಬೇಕು. ಕಥೆ ಹೇಳೋರು ನಮ್ಮ ಹುಡುಗ ಹುಡುಗೀರೇ ಆಗಬೇಕು, ಅದಕ್ಕೆ ಸಂಬಳವೂ ಇರಬೇಕು. ಪುಕ್ಕಟೆ ದುಡಿಮೆ ಸಾಕು.

ಮನವಿ ಬರೀತಿದ್ದೀನಿ. ಮನೇಲಿ ವಯಸ್ಸಾದೋರು ಇದ್ರೆ ಕೇಳಿ: ಹಾಸ್ಟೆಲ್ಲು, ಶಾಲೆ, ಸಭೆ ನಡೆದ ಜಾಗ, ಏಟು ತಿಂದ ಜಾಗ. ಜಾಗದ ಹೆಸರು, ನೆನಪಿದ್ರೆ ವರ್ಷ, ಎರಡೂ ಕಾಮೆಂಟಲ್ಲಿ ಹಾಕಿ. ಹಳೇ ಫೋಟೋ ಇದ್ರೆ ಇನ್ನೂ ಒಳ್ಳೇದು.