ವಕೀಲರನ್ನು ಆರಿಸುವಾಗಲೂ ಹತ್ತು ಕಡೆ ವಿಚಾರಿಸೋಣ

ಹೆಣ್ಣು ತರುವಾಗ, ಹೆಣ್ಣು ಕೊಡುವಾಗ ನಾವು ಹತ್ತು ಕಡೆ ವಿಚಾರಿಸುತ್ತೇವೆ. ಹುಡುಗನ ತೋಟ ಎಷ್ಟು, ಸಾಲ ಎಷ್ಟು, ಕುಡಿತವಿದೆಯೇ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕಳಸದಿಂದ ಕೊಪ್ಪದವರೆಗೆ ಕೇಳಿ ತಿಳಿಯುತ್ತೇವೆ. ಅದೇ ಮದುವೆ ಮುರಿದು ಕೋರ್ಟಿನ ಮೆಟ್ಟಿಲು ಹತ್ತುವ ದಿನ ಬಂದಾಗ ಯಾರನ್ನೂ ಕೇಳುವುದಿಲ್ಲ. ಊರಿಗೆ ಗೊತ್ತಾಗಬಾರದು, ನೆಂಟರಿಗೆ ತಿಳಿಯಬಾರದು ಎಂದು ಬೆಳಗಿನ ಬಸ್ಸು ಹಿಡಿದು, ಯಾರೋ ಹೇಳಿದ ಹೆಸರಿನ ವಕೀಲರ ಮುಂದೆ ಕುಳಿತು, ಓದದೆಯೇ ವಕಾಲತ್ತಿಗೆ ಸಹಿ ಹಾಕಿ ಬರುತ್ತೇವೆ. ಮುಂದಿನ ಮೂರು, ನಾಲ್ಕು ವರ್ಷದ ಬದುಕು, ಮಕ್ಕಳ ಓದು, ಕೈಯಲ್ಲಿ ಉಳಿಯುವ ಕಾಸು ಎಲ್ಲವೂ ಆ ಒಂದು ಸಹಿಯ ಮೇಲೆ ನಿಂತಿರುತ್ತದೆ ಎಂಬುದು ಆಗ ಹೊಳೆಯುವುದಿಲ್ಲ.

ಮಠದ ಪತ್ರಿಕೆಯಲ್ಲಿ ವಿಚ್ಛೇದನದ ವಕೀಲರ ಮಾತು ಏಕೆ, ಇದರಿಂದ ಇನ್ನಷ್ಟು ಮನೆ ಒಡೆಯುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಒಡೆಯುವ ಮನೆ ಈ ಲೇಖನ ಓದಿ ಒಡೆಯುವುದಿಲ್ಲ. ಒಡೆದ ಮೇಲೆ ಒಳಗಿದ್ದವರು ಬೀದಿಗೆ ಬೀಳದಿರಲಿ ಎಂಬುದಷ್ಟೇ ನಮ್ಮ ಕಾಳಜಿ. ಅಕ್ಕಮಹಾದೇವಿ ಕೌಶಿಕನ ಅರಮನೆ ಬಿಟ್ಟು ಹೊರಟದ್ದನ್ನು ಪರಂಪರೆ ಇಂದಿಗೂ ಗೌರವದಿಂದ ಹೇಳುತ್ತದೆ. ಅಕ್ಕನನ್ನು ಪೂಜಿಸುವ ನಾವು, ಗಂಡನ ಮನೆ ಬಿಟ್ಟು ಬಂದ ನಮ್ಮದೇ ಹೆಣ್ಣುಮಗಳನ್ನು ಕಂಡರೆ ಮುಖ ತಿರುಗಿಸುವುದು ಶರಣರ ದಾರಿಯಲ್ಲ.

ಮೊದಲು ಕಾನೂನಿನ ಮಾತು. ಲಿಂಗಾಯತ ಸ್ವತಂತ್ರ ಧರ್ಮ ಎಂಬ ನಿಲುವು, ಹೋರಾಟ ಬೇರೆ. ಇಂದಿನ ಮಟ್ಟಿಗೆ ಮದುವೆ, ವಿಚ್ಛೇದನಗಳಲ್ಲಿ ನಮಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಕಾಯ್ದೆ. ಅದರ 2ನೇ ಕಲಮು ವೀರಶೈವ, ಲಿಂಗಾಯತ ಎಂದು ಹೆಸರು ಹೇಳಿಯೇ ನಮ್ಮನ್ನು ಒಳಗೊಂಡಿದೆ. ನಮ್ಮ ಹಲವು ಒಳಪಂಗಡಗಳಲ್ಲಿ ಹಿಂದೆ ಹಿರಿಯರ ಮುಂದೆ ಬಿಡುಗಡೆ ಆಗುತ್ತಿತ್ತು, ಉಡಿಕೆಯ ಮರುಮದುವೆಯೂ ಇತ್ತು. ಆ ಕಾಲಕ್ಕೆ ಅದು ಹೆಣ್ಣಿಗೆ ದೊಡ್ಡ ಆಸರೆಯೇ ಆಗಿತ್ತು. ರೂಢಿಯ ವಿಚ್ಛೇದನವನ್ನು ಕಾಯ್ದೆಯ 29ನೇ ಕಲಮು ಇಂದಿಗೂ ಪೂರ್ತಿ ಅಳಿಸಿಲ್ಲ. ಆದರೆ ಅಂಥ ರೂಢಿ ಇದೆ ಎಂದು ಹೇಳುವವರೇ ಅದನ್ನು ಕೋರ್ಟಿನಲ್ಲಿ ಸಾಬೀತು ಮಾಡಬೇಕು. ನಮ್ಮ ರಾಜ್ಯದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಆದ್ದರಿಂದ ಛಾಪಾ ಕಾಗದದ ಮೇಲೆ ಬರೆದು, ನೋಟರಿ ಮೊಹರು ಒತ್ತಿಸಿ, ನಾಲ್ವರು ಪಂಚರು ಸಹಿ ಮಾಡಿದ ಮಾತ್ರಕ್ಕೆ ಮದುವೆ ಮುಗಿಯಿತೆಂದು ನಂಬಬಾರದು. ಆ ಕಾಗದ ನಂಬಿ ಎರಡನೇ ಮದುವೆಯಾದರೆ ಆ ಮದುವೆಯೇ ಬಿದ್ದುಹೋಗಬಹುದು, ಮೇಲೆ ಕ್ರಿಮಿನಲ್ ಕೇಸಿನ ಭಯ ಬೇರೆ. "ನೋಟರಿ ಮಾಡಿಸಿದರೆ ಸಾಕು, ಕೋರ್ಟು ಬೇಡ" ಎನ್ನುವ ವಕೀಲರಿಂದ ಅಲ್ಲಿಯೇ ಎದ್ದು ಬನ್ನಿ.

ಹಾಗಾದರೆ ಮಠದ ಕೆಲಸ ಏನು? ಸಿರಿಗೆರೆಯ ತರಳಬಾಳು ಬೃಹನ್ಮಠದ ಸದ್ಧರ್ಮ ನ್ಯಾಯಪೀಠ ಸೋಮವಾರಗಳಂದು ಜನರ ವ್ಯಾಜ್ಯಗಳನ್ನು ಕೇಳಿ ಬಗೆಹರಿಸುತ್ತ ಬಂದಿದೆ. ಸಣ್ಣ ಮಠಗಳ ಜಗಲಿಯಲ್ಲೂ ಇಂಥ ಪಂಚಾಯಿತಿ ನಡೆಯುತ್ತವೆ. ರಾಜಿ ಆಗುವ ಜಗಳ ಅಲ್ಲಿಯೇ ಮುಗಿದರೆ ಎಲ್ಲರಿಗೂ ಒಳಿತು. ಆದರೆ ಮದುವೆಯನ್ನು ಬಿಡಿಸುವ ಅಧಿಕಾರ ಮಠಕ್ಕಿಲ್ಲ. ಇಬ್ಬರೂ ಬೇರೆಯಾಗುವುದೇ ಸರಿ ಎಂದು ಹಿರಿಯರ ಮುಂದೆ ತೀರ್ಮಾನವಾದರೂ ಅದನ್ನು ಕೋರ್ಟಿಗೆ ಒಯ್ದು ಡಿಕ್ರಿ ಪಡೆಯಲೇಬೇಕು. ಮಠದ ಬಾಗಿಲಿನಿಂದ ಕೋರ್ಟಿನ ಬಾಗಿಲಿನವರೆಗಿನ ದಾರಿಯಲ್ಲಿ ಕೈ ಹಿಡಿಯಬೇಕಾದವರೇ ವಕೀಲರು. ಅವರು ಎಂಥವರು ಎಂಬುದನ್ನು ಈಗ ನೋಡೋಣ.

ಒಂದನೆಯದು, ವಕೀಲರು ನಿಮ್ಮವರೇ ಆಗಿರಬೇಕು. ನಮ್ಮ ಕಡೆ ತೋಟದ ವಿಭಾಗ ಪತ್ರ, ಬ್ಯಾಂಕ್ ಸಾಲ, ಗಡಿ ತಕರಾರು ಎಲ್ಲದಕ್ಕೂ ಮನೆತನಕ್ಕೆ ಒಬ್ಬ ವಕೀಲರು ಇರುತ್ತಾರೆ. ಸೊಸೆಯ ವಿಚ್ಛೇದನವೂ ಅವರ ಬಳಿಗೇ ಹೋಗುತ್ತದೆ. "ಇಬ್ಬರಿಗೂ ನಾನೇ ನೋಡಿಕೊಳ್ಳುತ್ತೇನಮ್ಮ, ಖರ್ಚು ಕಡಿಮೆ" ಎಂಬ ಮಾತು ಕೇಳಲು ಚೆನ್ನ. ಆದರೆ ಮಾವನ ತೋಟ ಉಳಿಸಲು ಇಪ್ಪತ್ತು ವರ್ಷ ದುಡಿದ ಕೈ, ಅದೇ ತೋಟದಿಂದ ಸೊಸೆಗೆ ಜೀವನಾಂಶ ಹೇಗೆ ಕೇಳೀತು? ಪರಸ್ಪರ ಒಪ್ಪಿಗೆಯ ಅರ್ಜಿ ಬರೆಯಲು ಒಬ್ಬರೇ ಸಾಕಾಗಬಹುದು. ಆದರೆ "ಮುಂದೆ ಏನನ್ನೂ ಕೇಳುವುದಿಲ್ಲ" ಎಂಬ ಸಾಲಿಗೆ ಸಹಿ ಹಾಕುವ ಮೊದಲು ಹೆಣ್ಣುಮಗಳು ತನ್ನದೇ ವಕೀಲರಿಗೆ ಆ ಕಾಗದ ತೋರಿಸಬೇಕು. ತವರಿನ ಅಣ್ಣ ಆರಿಸಿದ ವಕೀಲರಾದರೂ ಅಷ್ಟೇ: ಅವರು ಅಣ್ಣನೊಡನೆ ಮಾತಾಡದೆ ಆಕೆಯೊಡನೆ ಮಾತಾಡಬೇಕು, ಒಮ್ಮೆಯಾದರೂ ಒಬ್ಬಳನ್ನೇ ಕೂರಿಸಿ ಕೇಳಬೇಕು.

ಎರಡನೆಯದು, ಕೇಸು ನಡೆಯುವ ಊರಿನ ವಕೀಲರೇ ಒಳ್ಳೆಯದು. ಕಳಸ ತಾಲ್ಲೂಕಾದರೂ ಕೋರ್ಟಿನ ಕೆಲಸಕ್ಕೆ ಮೂಡಿಗೆರೆ, ಚಿಕ್ಕಮಗಳೂರಿನ ದಾರಿಯೇ. ಚಿಕ್ಕಮಗಳೂರು ಸುಮಾರು 90 ಕಿ.ಮೀ. ಆಷಾಢದ ಮಳೆಯಲ್ಲಿ ಗುಡ್ಡ ಜರಿದು ರಸ್ತೆ ಕಟ್ಟಿದರೆ 11 ಗಂಟೆಗೆ ಹೆಸರು ಕೂಗುವಾಗ ನಾವು ಇನ್ನೂ ಘಟ್ಟದ ತಿರುವಿನಲ್ಲಿರುತ್ತೇವೆ. ಬೆಂಗಳೂರಿನ ದೊಡ್ಡ ಹೆಸರಿನ ವಕೀಲರು ಪ್ರತಿ ವಾಯಿದೆಗೂ ಬರುವುದಿಲ್ಲ, ಬಂದರೆ ಆ ಖರ್ಚು ನಮ್ಮದೇ. ಇನ್ನೊಂದು ಮಾತು ಹೆಚ್ಚಿನವರಿಗೆ ತಿಳಿದಿಲ್ಲ. ಅರ್ಜಿ ಹಾಕುವವಳು ಹೆಂಡತಿಯಾದರೆ, ತಾನು ಈಗ ವಾಸವಿರುವ ಊರಿನ ವ್ಯಾಪ್ತಿಯ ಕೋರ್ಟಿನಲ್ಲೇ ಹಾಕಬಹುದು. 2003ರ ತಿದ್ದುಪಡಿ ಈ ಅನುಕೂಲ ಕೊಟ್ಟಿದೆ. ಬೆಂಗಳೂರಿಗೆ ಕೊಟ್ಟ ಕಳಸದ ಮಗಳು ತವರಿಗೆ ಬಂದಿದ್ದರೆ ನಮ್ಮ ಜಿಲ್ಲೆಯಲ್ಲೇ ಕೇಸು ನಡೆಸಬಹುದು. ಇದನ್ನು ಮೊದಲ ದಿನವೇ ಹೇಳುವ ವಕೀಲರು ನಿಮ್ಮ ಬವಣೆ ಅರಿತವರು.

ಮೂರನೆಯದು ಕಾಫಿ ಸೀಮೆಗೇ ವಿಶೇಷವಾದದ್ದು. ಸಂಬಳದಾರನ ಆದಾಯ ಸಂಬಳ ಚೀಟಿಯಲ್ಲಿ ಕಾಣುತ್ತದೆ. ಬೆಳೆಗಾರನ ಆದಾಯ ಎಲ್ಲಿ ಕಾಣುತ್ತದೆ? ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಅನೇಕರ ಬಳಿ ರಿಟರ್ನ್ಸ್ ಇರುವುದಿಲ್ಲ. ಪಹಣಿ ಅಪ್ಪನ ಹೆಸರಿನಲ್ಲಿ, ದುಡಿಮೆ ಮಗನದು. ಒತ್ತುವರಿ ಮಾಡಿ ಬೆಳೆದ ಜಾಗ ಪಹಣಿಯಲ್ಲಿ ಯಾರ ಹೆಸರಿನಲ್ಲೂ ಇಲ್ಲ, ಫಸಲು ಮಾತ್ರ ವರ್ಷವರ್ಷ ಮನೆ ಸೇರುತ್ತದೆ. ಕಾಳುಮೆಣಸಿನ ಹಣವಂತೂ ಲೆಕ್ಕಕ್ಕೇ ಬರುವುದಿಲ್ಲ. ಗಂಡ "ನನಗೆ ಆದಾಯವೇ ಇಲ್ಲ" ಎಂದು ಪ್ರಮಾಣ ಮಾಡಿದಾಗ, ಕ್ಯೂರಿಂಗ್ ವರ್ಕ್ಸ್ ಚೀಟಿ, ವ್ಯಾಪಾರಿಯ ಬಿಲ್ಲು, ಬೆಳೆ ಸಾಲದ ಅರ್ಜಿ, ಬ್ಯಾಂಕ್ ಖಾತೆಗಳನ್ನು ಎಲ್ಲಿ, ಹೇಗೆ ಕೇಳಬೇಕೆಂದು ತಿಳಿದ ವಕೀಲರು ಬೇಕು. 2020ರಲ್ಲಿ ಸುಪ್ರೀಂ ಕೋರ್ಟು ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಲೇಬೇಕು ಎಂದಿದೆ; ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕೆಂದೂ ಹೇಳಿದೆ. ಇದು ಗಂಡನಿಗೂ ರಕ್ಷಣೆ. ತೋಟವಿದೆ ಎಂದ ಮಾತ್ರಕ್ಕೆ ದುಡ್ಡಿದೆ ಎಂದಲ್ಲ. ಮಳೆಗೆ ಕಾಯಿ ಉದುರಿ, ಕಾಂಡಕೊರಕ ಬಡಿದು, ಅಡಿಕೆಗೆ ಕೊಳೆರೋಗ ತಗುಲಿ ಸಾಲದಲ್ಲಿ ಮುಳುಗಿದ ಹುಡುಗರು ನಮ್ಮಲ್ಲಿ ಕಡಿಮೆಯಿಲ್ಲ. ಅವರ ವಕೀಲರೂ ಆ ಲೆಕ್ಕವನ್ನು ಕಾಗದದಲ್ಲಿ ತೋರಿಸಬಲ್ಲವರಾಗಿರಬೇಕು.

ನಾಲ್ಕನೆಯದು, ಮೊದಲ ಭೇಟಿಯಲ್ಲಿ ವಕೀಲರು ಏನು ಕೇಳುತ್ತಾರೆ ಎಂಬುದನ್ನು ಗಮನಿಸಿ. ಮನೆಯಲ್ಲಿ ಹೊಡೆತವಿದೆಯೇ, ಇಂದು ರಾತ್ರಿ ಎಲ್ಲಿ ಮಲಗುತ್ತೀರಿ, ಮಕ್ಕಳು ಯಾರ ಬಳಿ ಇದ್ದಾರೆ, ಮತ್ತೆ ಕೂಡಿ ಬಾಳುವ ದಾರಿ ಇದೆಯೇ ಎಂದು ಕೇಳುವವರು ಒಳ್ಳೆಯ ವಕೀಲರು. ಹೊಡೆತವಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ರಕ್ಷಣೆ, ಇರಲು ಮನೆ ಕೇಳುವುದು ಮೊದಲು, ವಿಚ್ಛೇದನ ಆಮೇಲೆ. ಕಷ್ಟದ ಹೊತ್ತಿನಲ್ಲಿ ಮಹಿಳಾ ಸಹಾಯವಾಣಿ 181 ಇದೆ. "ಮೂರು ತಿಂಗಳಲ್ಲಿ ಬಿಡಿಸಿಕೊಡುತ್ತೇನೆ", "ಅವರ ಮನೆಯವರನ್ನೆಲ್ಲ ಒಳಗೆ ಹಾಕಿಸುತ್ತೇನೆ" ಎನ್ನುವವರು ನಿಮ್ಮ ಸಿಟ್ಟನ್ನು ಮಾರಾಟಕ್ಕಿಡುತ್ತಿದ್ದಾರೆ ಅಷ್ಟೇ. ನಿಜವಾದ ಕಿರುಕುಳವನ್ನು ಮುಚ್ಚಿಡಬಾರದು, ಆಗದ ಕಿರುಕುಳವನ್ನು ಅರ್ಜಿಯಲ್ಲಿ ಬರೆಸಬಾರದು. ಬರೆಸಿದ ಸುಳ್ಳು ಪಾಟೀಸವಾಲಿನಲ್ಲಿ ಹೊರಬಿದ್ದರೆ ನಿಮ್ಮ ನಿಜವನ್ನೂ ಯಾರೂ ನಂಬುವುದಿಲ್ಲ.

ಕಾಲದ ಲೆಕ್ಕವೂ ನಿಮಗೆ ತಿಳಿದಿರಲಿ. ಸಾಮಾನ್ಯವಾಗಿ ಮದುವೆಯಾಗಿ ಒಂದು ವರ್ಷದೊಳಗೆ ವಿಚ್ಛೇದನದ ಅರ್ಜಿ ಹಾಕಲು ಬರುವುದಿಲ್ಲ. ಇಬ್ಬರೂ ಒಪ್ಪಿದ ವಿಚ್ಛೇದನಕ್ಕೆ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿಯ ನಂತರ ಆರು ತಿಂಗಳು ಕಾಯಬೇಕು. ಸರಿಯಾದ ಕಾರಣವಿದ್ದರೆ ಆ ಆರು ತಿಂಗಳನ್ನು ಕೋರ್ಟು ಬಿಟ್ಟುಕೊಡಬಹುದೆಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಡಿಕ್ರಿ ಆಗುವವರೆಗೂ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವ ಹಕ್ಕು ಇಬ್ಬರಿಗೂ ಇದೆ. "ಸಹಿ ಹಾಕಿ ಆಯಿತಲ್ಲ, ಇನ್ನು ಸುಮ್ಮನಿರಮ್ಮ" ಎಂದು ಹೆದರಿಸಿದರೆ ಹೆದರಬೇಕಿಲ್ಲ.

ಐದನೆಯದು ಹಣ ಮತ್ತು ಲೆಕ್ಕ. ಅರ್ಜಿಗೆ ಎಷ್ಟು, ಪ್ರತಿ ವಾಯಿದೆಗೆ ಎಷ್ಟು, ಮಧ್ಯಂತರ ಜೀವನಾಂಶದ ಅರ್ಜಿಗೆ ಬೇರೆ ಫೀಸೇ ಎಂದು ಮೊದಲೇ ಕೇಳಿ ಬರೆಸಿಕೊಳ್ಳಿ, ಕೊಟ್ಟದ್ದಕ್ಕೆ ರಸೀದಿ ಪಡೆಯಿರಿ. ಬರುವ ಜೀವನಾಂಶದಲ್ಲಿ ಇಷ್ಟು ಪಾಲು ಕೊಡಿ ಎಂದು ಕೇಳುವುದನ್ನು ಬಾರ್ ಕೌನ್ಸಿಲ್ ನಿಯಮವೇ ನಿಷೇಧಿಸಿದೆ. ಅರ್ಜಿ ದಾಖಲಾದ ಮೇಲೆ 16 ಅಕ್ಷರ, ಅಂಕಿಗಳ ಸಿಎನ್‌ಆರ್ ಸಂಖ್ಯೆ ಕೇಳಿ ಪಡೆಯಿರಿ. ಮೊಬೈಲಿನ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಅದನ್ನು ಒತ್ತಿದರೆ ಕೇಸು ನಿಜವಾಗಿ ದಾಖಲಾಗಿದೆಯೇ, ಮುಂದಿನ ವಾಯಿದೆ ಯಾವಾಗ ಎಂಬುದು ಮನೆಯಲ್ಲೇ ಕಾಣುತ್ತದೆ. ಆ ಸಂಖ್ಯೆ ಕೊಡಲು ಹಿಂದೇಟು ಹಾಕಿದರೆ ಅನುಮಾನಿಸಿ. ನಂಬಿಕೆ ಹೋದರೆ ವಕೀಲರನ್ನು ಬದಲಿಸಬಹುದು. ಫೀಸು ಬಾಕಿ ಎಂಬ ಕಾರಣಕ್ಕೆ ಕಡತ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಹೇಳಿದೆ.

ಫೀಸಿಗೇ ಗತಿಯಿಲ್ಲದವರು ಏನು ಮಾಡಬೇಕು? ಲೈನ್ ಮನೆಯಲ್ಲಿದ್ದು ಕಾಫಿ ಕೊಯ್ದು ಬದುಕುವ ತಾಯಂದಿರೂ ನಮ್ಮ ದಾಸೋಹದ ಪಂಕ್ತಿಯಲ್ಲಿ ಕೂರುವವರೇ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯದ ಮಿತಿ ನೋಡದೆ ಉಚಿತವಾಗಿ ವಕೀಲರನ್ನು ಕೊಡಬೇಕು. ಉಳಿದ ಗಂಡಸರಿಗೆ ಆದಾಯ ಮಿತಿಯೊಳಗಿದ್ದರೆ ಸಿಗುತ್ತದೆ. ಜಿಲ್ಲಾ ಪ್ರಾಧಿಕಾರ ಇಲ್ಲವೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಸಾಕು. ಸಹಾಯವಾಣಿ 15100. ಬಿಟ್ಟಿ ವಕೀಲರು ಎಂದು ಹೀಗಳೆಯಬೇಡಿ. ಮೇಲೆ ಹೇಳಿದ ಪ್ರಶ್ನೆಗಳನ್ನು ಅವರಿಗೂ ಧೈರ್ಯದಿಂದ ಕೇಳಿ, ಕೇಳುವ ಹಕ್ಕು ನಿಮಗಿದೆ.

ವಕೀಲರ ಬಳಿ ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಲಗ್ನಪತ್ರಿಕೆ, ಮದುವೆಯ ಫೋಟೋ, ನೋಂದಣಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ತವರಿನಿಂದ ತಂದ ಒಡವೆಯ ಬಿಲ್ಲು, ಪಹಣಿ, ಆಸ್ಪತ್ರೆಯ ಚೀಟಿ ಏನಿದೆಯೋ ಅದು ಜೊತೆಯಲ್ಲಿರಲಿ. ನಡೆದದ್ದನ್ನು ತಾರೀಖು ಸಹಿತ ಎರಡು ಪುಟ ಬರೆದುಕೊಂಡು ಹೋಗಿ. ನಿಮ್ಮ ತಪ್ಪಿದ್ದರೆ ಅದನ್ನೂ ಹೇಳಿ. ವಕೀಲರಿಗೆ ಮುಚ್ಚಿಟ್ಟದ್ದು ಎದುರಾಳಿಯ ಬಾಯಲ್ಲಿ ಬರುತ್ತದೆ.

ಕೊನೆಯದಾಗಿ ಮಠಗಳಿಗೆ, ಬಸವ ಕೇಂದ್ರಗಳಿಗೆ ಒಂದು ವಿನಂತಿ. ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಮಾರ್ಚ್‌ನಿಂದ ಮೇವರೆಗೆ ಜನರಿಗೆ ಸ್ವಲ್ಪ ಬಿಡುವಿರುತ್ತದೆ. ಆಗ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರನ್ನು ಕರೆಸಿ ಹಿರೇಬೈಲು, ಸಂಸೆ, ಬಾಳೆಹೊಳೆಯಂಥ ಊರುಗಳಲ್ಲಿ ಒಂದೊಂದು ದಿನ ಕಾನೂನು ಅರಿವಿನ ಶಿಬಿರ ನಡೆಸಲಿ. ಜಗಳ ಹೊತ್ತು ಬಂದ ದಂಪತಿಗೆ ಎರಡು ಸಲ ಬುದ್ಧಿ ಹೇಳುವುದು ಸರಿ. ಮೂರನೆಯ ಸಲವೂ ಮೈಮೇಲೆ ಬಾಸುಂಡೆ ಹೊತ್ತು ಬಂದವಳಿಗೆ "ಹೊಂದಿಕೊಂಡು ಹೋಗಮ್ಮ" ಎನ್ನುವುದು ಬುದ್ಧಿಮಾತಲ್ಲ. ಮೊದಲ ಸಲ ಬಂದಾಗಲೂ ಅದು ಆಗಿರಲಿಲ್ಲ. ಆಕೆಗೆ ಬೇಕಾದ್ದು ಇರಲು ಒಂದು ಸುರಕ್ಷಿತ ಜಾಗ, ಮಾತು ಕೇಳುವ ಒಬ್ಬ ವಕೀಲರು, ಕೋರ್ಟಿಗೆ ಜೊತೆ ಬರುವ ಒಬ್ಬ ಹಿರಿಯ ತಾಯಿ. ಮದುವೆಗೆ ಅಕ್ಕಿಕಾಳು ಹಾಕಲು ಸಾಲುಗಟ್ಟಿ ನಿಂತ ಸಮಾಜ, ವಾಯಿದೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಪಕ್ಕದಲ್ಲೂ ನಿಲ್ಲಬೇಕು.