ಜೋಡಿ ಬದಲಾಯಿಸಿ ಮೇಡಂ

ರಜೆಯಲ್ಲಿ ನನ್ನ ಆಪಾ ಲ್ಯಾಪ್‌ಟಾಪ್‌ನಲ್ಲಿ ‘ದಿ ಹೀಟ್’ ಎಂಬ ಇಂಗ್ಲಿಷ್ ಸಿನಿಮಾ ಹಾಕಿದಳು. 2013ರದ್ದು. ಮೊದಲೇ ಹೇಳಿಬಿಡುತ್ತೇನೆ, ಇದು ಅಬ್ಬಾ, ಅಮ್ಮಿ ಜೊತೆ ಕೂತು ನೋಡುವ ಸಿನಿಮಾ ಅಲ್ಲ. ಬೈಗುಳ ವಿಪರೀತ. ಅಮೆರಿಕದಲ್ಲೂ ಅದಕ್ಕೆ ‘ಆರ್’ ಸರ್ಟಿಫಿಕೇಟ್, ಅಂದರೆ ಹದಿನೇಳು ತುಂಬದವರು ದೊಡ್ಡವರ ಜೊತೆಯಲ್ಲೇ ನೋಡಬೇಕು. ನನಗೆ ಹದಿನೇಳು ತುಂಬಿದೆ, ಆಪಾನೂ ಪಕ್ಕದಲ್ಲಿದ್ದಳು. ಎರಡೂ ಕಡೆಯಿಂದ ನಾನು ಸರಿ.

ಸ್ವಭಾವದಲ್ಲಿ ಒಬ್ಬರಿಗೊಬ್ಬರು ಆಗದ ಇಬ್ಬರು ಪೊಲೀಸರನ್ನು ಒಂದೇ ಕೇಸಿಗೆ ಹಾಕುವುದು ಹಾಲಿವುಡ್‌ನ ಹಳೆಯ ರೂಢಿ. 1987ರ ‘ಲೀಥಲ್ ವೆಪನ್’ನಲ್ಲಿ ಮೆಲ್ ಗಿಬ್ಸನ್, ಡ್ಯಾನಿ ಗ್ಲೋವರ್. 1998ರ ‘ರಶ್ ಅವರ್’ನಲ್ಲಿ ಜಾಕಿ ಚಾನ್, ಕ್ರಿಸ್ ಟಕರ್. ಜಗಳ ಆಡುವವರೂ ಗಂಡಸರೇ, ದೋಸ್ತಿ ಮಾಡುವವರೂ ಗಂಡಸರೇ. ಎರಡು ಸಿನಿಮಾದಲ್ಲೂ ಖಳರು ಒಬ್ಬ ಹುಡುಗಿಯನ್ನು ಅಪಹರಿಸುತ್ತಾರೆ. ಹುಡುಗಿಯರಿಗೆ ಸಿಕ್ಕ ಕೆಲಸ ಅಷ್ಟು.

‘ದಿ ಹೀಟ್’ ಆ ಇಬ್ಬರ ಜಾಗದಲ್ಲಿ ಹೆಂಗಸರನ್ನು ತಂದಿತು. ಬರೆದವರು ಕೇಟಿ ಡಿಪ್ಪೋಲ್ಡ್, ನಿರ್ದೇಶಕ ಪಾಲ್ ಫೀಗ್. ಸಾಂಡ್ರಾ ಬುಲಕ್ ಮಾಡಿದ ಆ್ಯಶ್‌ಬರ್ನ್ ಎಫ್‌ಬಿಐ ಅಧಿಕಾರಿ. ಇಸ್ತ್ರಿ ಹಾಕಿದ ಕೋಟು, ಬಾಯಿಪಾಠವಾದ ನಿಯಮ, ಆಫೀಸಿನಲ್ಲಿ ಯಾರಿಗೂ ಬೇಡವಾದ ಹೆಂಗಸು. ಮೆಲಿಸ್ಸಾ ಮೆಕಾರ್ಥಿ ಮಾಡಿದ ಮಲಿನ್ಸ್ ಬಾಸ್ಟನ್ ನಗರದ ಪೊಲೀಸ್. ದೊಡ್ಡ ಬಾಯಿ, ಕೆದರಿದ ಕೂದಲು, ಮನೆಯ ಫ್ರಿಡ್ಜಿನಲ್ಲಿ ತರಕಾರಿ ಬದಲು ಬಂದೂಕು. ಡ್ರಗ್ಸ್ ಕೇಸಿನ ಆಸೆಗೆ ಬಿದ್ದ ತನ್ನ ಸಹೋದರನನ್ನು ಇವಳೇ ಜೈಲಿಗೆ ಹಾಕಿದ್ದಾಳೆ, ಹೊರಗಿದ್ದರೆ ಸಾಯುತ್ತಾನೆ ಎಂಬ ಭಯದಿಂದ. ಮನೆಯವರು ಅದಕ್ಕೆ ಅವಳನ್ನು ಕ್ಷಮಿಸಿಲ್ಲ. ನಗಿಸುವ ಸಿನಿಮಾದ ಮಧ್ಯೆ ಇಂಥದ್ದೊಂದು ಇಟ್ಟಿದ್ದು ನನಗೆ ಇಷ್ಟವಾಯಿತು.

‘ಹೆಣ್ಣಿಗೆ ಹೆಣ್ಣೇ ಶತ್ರು’ ಎಂಬ ಮಾತನ್ನು ಮದುವೆ ಮನೆಯಿಂದ ಸ್ಟಾಫ್ ರೂಮಿನವರೆಗೆ ಎಲ್ಲರೂ ಆಡುತ್ತಾರೆ. ಈ ಸಿನಿಮಾದಲ್ಲಿ ಇವರಿಬ್ಬರೂ ಶತ್ರುಗಳ ಹಾಗೇ ಕಚ್ಚಾಡುತ್ತಾರೆ, ಆದರೆ ಒಬ್ಬ ಗಂಡಸಿಗಾಗಿ ಅಲ್ಲ, ಕೆಲಸಕ್ಕಾಗಿ. ಕೇಸು ಯಾರದ್ದು, ಯಾರ ವಿಧಾನ ಸರಿ ಎಂದು. ಇದು ಸಣ್ಣ ವಿಷಯ ಅನ್ನಿಸಬಹುದು. ನೀವು ನೋಡಿದ ಹತ್ತು ಸಿನಿಮಾ ನೆನಪಿಸಿಕೊಂಡು ಹೇಳಿ.

ಎಲ್ಲವನ್ನೂ ಹೊಗಳಲಾರೆ. ಇಬ್ಬರೂ ಬಾರ್‌ನಲ್ಲಿ ರಾತ್ರಿಯಿಡೀ ಕುಡಿದ ಮೇಲೆ ಸ್ನೇಹಿತರಾಗುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಚಹಾ ಮಾಡುತ್ತದೆ. ಅದಕ್ಕಿಂತ ಕೆಟ್ಟದ್ದು, ಚರ್ಮ, ಕೂದಲು ಬೆಳ್ಳಗಿರುವ ಆಲ್ಬಿನಿಸಂ ಇರುವ ಒಬ್ಬ ಅಧಿಕಾರಿಯನ್ನು ಮಲಿನ್ಸ್ ಮತ್ತೆ ಮತ್ತೆ ಗೇಲಿ ಮಾಡುವುದು. ಅಲ್ಲಿ ನನಗೆ ನಗು ಬರಲಿಲ್ಲ.

ಕಾಮರ್ಸ್‌ನವಳಾದ್ದರಿಂದ ಲೆಕ್ಕವನ್ನೂ ನೋಡಿದೆ. ಬಜೆಟ್ ಸುಮಾರು 43 ಮಿಲಿಯನ್ ಡಾಲರ್, ಜಗತ್ತಿನಾದ್ಯಂತ ಕಲೆಕ್ಷನ್ ಸುಮಾರು 230 ಮಿಲಿಯನ್. (ಕಲೆಕ್ಷನ್ ಎಂದರೆ ಲಾಭ ಅಲ್ಲ. ಥಿಯೇಟರ್‌ನವರ ಪಾಲು, ಪ್ರಚಾರದ ಖರ್ಚು ಕಳೆಯಬೇಕು.) ಆದರೂ ಎರಡನೇ ಭಾಗ ಬರಲಿಲ್ಲ. ‘ಲೀಥಲ್ ವೆಪನ್’ 1998ರೊಳಗೆ ನಾಲ್ಕು ಭಾಗ ಕಂಡಿತ್ತು. ಹೆಂಗಸರಿಗೆ ಮೋಸ ಎಂದು ಬರೆಯಲು ಪೆನ್ನು ತೆಗೆದಿದ್ದೆ. ನೋಡಿದರೆ, ಎರಡನೇ ಭಾಗ ಬೇಡ ಎಂದವರು ಸ್ವತಃ ಬುಲಕ್ ಅಂತೆ.

ಪಾಲುದಾರಿಕೆ ಪಾಠದಲ್ಲಿ ನಾವು ಓದಿದ್ದೇವೆ: ಪಾಲುದಾರಿಕೆ ಪತ್ರ ಇಲ್ಲದಿದ್ದರೆ 1932ರ ಕಾಯ್ದೆಯಂತೆ ಲಾಭ ನಷ್ಟ ಸಮಪಾಲು. ಯಾರು ಹೆಚ್ಚು ದುಡಿದರು ಎಂದು ಕೇಳುವ ಹಾಗಿಲ್ಲ. ಈ ನಿಯಮ ಅನ್ಯಾಯ ಎಂದು ನಾನು ಕ್ಲಾಸಿನಲ್ಲಿ ವಾದಿಸಿದ್ದೆ. ಹೆಚ್ಚು ದುಡಿಯುವವಳು ನಾನೇ ಎಂಬ ನಂಬಿಕೆ ನನಗೆ.

ಈ ವರ್ಷದ ಪ್ರಾಜೆಕ್ಟಿಗೆ ರೋಲ್ ನಂಬರ್ ಪ್ರಕಾರ ನನಗೊಬ್ಬಳು ಜೋಡಿ ಸಿಕ್ಕಿದಳು. ಅವಳ ಮನೆಯಲ್ಲಿ ಬ್ಯಾರಿ, ನಮ್ಮಲ್ಲಿ ಉರ್ದು, ಇಬ್ಬರೂ ಸೇರಿದರೆ ಕನ್ನಡ. ಕಾರಿಡಾರಿನ ಆ ತುದಿಯಲ್ಲಿ ನಕ್ಕರೆ ಈ ತುದಿಗೆ ಕೇಳುತ್ತದೆ. ನಾನು ಸ್ಟಾಫ್ ರೂಮಿಗೆ ಹೋಗಿ, ಜೋಡಿ ಬದಲಾಯಿಸಿ ಮೇಡಂ ಎಂದೆ. ಆಗಲ್ಲ ಎಂದರು.

ಮಾರ್ಕೆಟ್ಟಿನಲ್ಲಿ ಮೀನು ಮಾರುವ ಹೆಂಗಸರು ಬಂಡವಾಳ ಹೇಗೆ ಹೊಂದಿಸುತ್ತಾರೆ ಎಂಬುದು ನಮ್ಮ ವಿಷಯ. ನನ್ನ ಬಳಿ ನೀಟಾಗಿ ಟೈಪ್ ಮಾಡಿದ ಹದಿನೈದು ಪ್ರಶ್ನೆಗಳಿದ್ದವು. ಮೊದಲನೆಯದಕ್ಕೇ ಅವರು ನಕ್ಕರು. ಇವಳು ನನ್ನ ಕೈಯಿಂದ ಹಾಳೆ ತೆಗೆದು ಮಡಚಿಟ್ಟು, ಅವರ ಪಕ್ಕ ಕುಕ್ಕರಗಾಲಲ್ಲಿ ಕೂತು, “ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಿ?” ಎಂದು ಶುರು ಮಾಡಿದಳು. ಒಂದು ಗಂಟೆ ನಾನು ಬರೆದುಕೊಂಡೆ. ವರದಿ ನನ್ನದು ಎಂದು ಹೇಳಲು ಬಾಯಿ ಬರುವುದಿಲ್ಲ.

ಫೈಲ್ ಕೊಡುವ ದಿನ ಅವಳೆಂದಳು, “ನೀನು ಮೇಡಂ ಹತ್ರ ಕೇಳಿದ್ದು ನಂಗೆ ಮೊದಲೇ ಗೊತ್ತುಂಟು ಮಾರಾಯ್ತಿ.” ನಗುತ್ತಲೇ ಹೇಳಿದಳು, ಆದರೆ ಆ ನಗು ಕಾರಿಡಾರಿನ ಆ ತುದಿಗೆ ಕೇಳುವಂಥದ್ದಲ್ಲ.

ಸಿನಿಮಾದ ಕೊನೆಯಲ್ಲಿ, ಬೇರೆಯವರ ಮನೆಗಳಲ್ಲಿ ಬೆಳೆದ ಆ್ಯಶ್‌ಬರ್ನ್‌ಳ ಹಳೆಯ ಸ್ಕೂಲ್ ಪುಸ್ತಕದ ಹಿಂದೆ ಮಲಿನ್ಸ್, ನಿನಗೀಗ ಒಬ್ಬಳು ಸಹೋದರಿ ಇದ್ದಾಳೆ ಎಂಬ ಅರ್ಥದಲ್ಲಿ ಬರೆಯುತ್ತಾಳೆ. ಅಲ್ಲಿ ನಾನು ಆಪಾಗೆ ಕಾಣದ ಹಾಗೆ ದುಪಟ್ಟಾದಲ್ಲಿ ಮುಖ ಒರೆಸಿಕೊಂಡೆ. ನಾನು ಆ್ಯಶ್‌ಬರ್ನ್ ಎಂದು ನನಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು.

ಮುಂದಿನ ಪ್ರಾಜೆಕ್ಟಿಗೆ ಜೋಡಿಯನ್ನು ನಾವೇ ಆರಿಸಬಹುದಂತೆ, ಸೋಮವಾರದೊಳಗೆ ಹೆಸರು ಕೊಡಬೇಕು. ಈ ಪುಟ ಅವಳೂ ಓದುತ್ತಾಳೆ. ನಾನಿನ್ನೂ ಕೇಳಿಲ್ಲ.