ಬಡಗಣ ಜಿಲ್ಲೆಗಳ ಬಡತನ

ಸುಗ್ಗಿ ತೀರಿದೊಡನೆ ಯಾದಗಿರಿ, ರಾಯಚೂರು, ಕಲಬುರಗಿ ಸೀಮೆಗಳ ಬಡ ಒಕ್ಕಲಿನವರು ಹೆಂಡಿರು ಮಕ್ಕಳೊಡನೆ ಬೆಂಗಳೂರಿಗೆ ಗುಳೆ ಹೊರಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆ ಸೀಮೆಯವರು ಸೋಮಾರಿಗಳೆಂದೂ ಅಲ್ಲಿ ಮಳೆ ಕಡಮೆಯೆಂದೂ ಕಾರಣ ಹೇಳುವವರುಂಟು. ಮೊದಲನೆಯ ಮಾತು, ಬಿಸಿಲಿನಲ್ಲಿ ಇಟ್ಟಿಗೆ ಹೊರುವವರನ್ನು ಕಂಡವರು ಆಡತಕ್ಕದ್ದಲ್ಲ. ಎರಡನೆಯದು ಅರ್ಧ ಸತ್ಯ; ಕೃಷ್ಣೆ, ಭೀಮೆ, ತುಂಗಭದ್ರೆಯರು ಹರಿಯುವ ನಾಡಷ್ಟೆ ಅದು!

ಶಿವನಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ತಲುಪಿತು. 1916ರಲ್ಲಿ ಮೈಸೂರಿನಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ನಿಜಾಮರ ಆಳಿಕೆಯಲ್ಲಿದ್ದ ಕನ್ನಡ ಜಿಲ್ಲೆಗಳಲ್ಲಿ ಆಗ ಕಚೇರಿಯ ಭಾಷೆ ಉರ್ದು. ಕಲಬುರಗಿಗೆ ತನ್ನದೇ ವಿಶ್ವವಿದ್ಯಾನಿಲಯವು ಬಂದುದು 1980ರಲ್ಲಿ. ಈ 64 ವರ್ಷಗಳ ಅಂತರವು ಸಾಮಾನ್ಯವೇ? ಮೊದಲು ದೀಪ ಹತ್ತಿದ ಊರಿಗೆ ಕಾರ್ಖಾನೆ, ಕಾರ್ಖಾನೆಯಿದ್ದಲ್ಲಿಗೆ ಸಂಬಳ, ಸಂಬಳವಿದ್ದಲ್ಲಿಗೆ ಮತ್ತಷ್ಟು ಒಳ್ಳೆಯ ಶಾಲೆ.

ಡಾಕ್ಟರ್ ಡಿ. ಎಂ. ನಂಜುಂಡಪ್ಪನವರ ಸಮಿತಿಯು 2002ರಲ್ಲಿ ಒಪ್ಪಿಸಿದ ವರದಿಯು, 175 ತಾಲ್ಲೂಕುಗಳಲ್ಲಿ 114 ಹಿಂದುಳಿದವೆಂದೂ, ಅವುಗಳಲ್ಲಿ 39 ಅತ್ಯಂತ ಹಿಂದುಳಿದವೆಂದೂ ಎಣಿಸಿತು. ಈ 39ರಲ್ಲಿ 21 ಕಲಬುರಗಿ ವಿಭಾಗದವು. ಬೆಂಗಳೂರು ವಿಭಾಗದಲ್ಲಿಯೂ 11 ಇದ್ದುವೆಂಬುದನ್ನು ದಕ್ಷಿಣದವರು ಮರೆಯಬಾರದು. ಬಳಿಕ ರಾಜ್ಯಾಂಗದ 98ನೆಯ ತಿದ್ದುಪಡಿಯಿಂದ 371ಜೆ ವಿಧಿಯು ಸೇರಿ, ಆ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಲಿಯೂ, ಅಲ್ಲಿಯ ಮಕ್ಕಳಿಗೆ ವಿದ್ಯೆಯಲ್ಲಿಯೂ ಉದ್ಯೋಗದಲ್ಲಿಯೂ ಮೀಸಲೂ ದೊರೆತುವು.

ಮೀಸಲು ಒಳ್ಳೆಯದೇ. ಆದರೆ ಹತ್ತನೆಯ ತರಗತಿಯನ್ನು ಮುಟ್ಟದ ಹುಡುಗನಿಗೆ ವೈದ್ಯಕೀಯ ಕಾಲೇಜಿನ ಮೀಸಲಿನಿಂದ ಆಗುವುದೇನು? ಬಡ ಮನೆಯ ಜಮಾಖರ್ಚನ್ನು ನೋಡೋಣ. ನೀರು ದೂರವಾದರೆ ಗೃಹಿಣಿಯ ಅರ್ಧ ದಿನದ ಕೂಲಿ ಹೋಯಿತು. ಆಸ್ಪತ್ರೆಯ ಕಟ್ಟಡವಿದ್ದು ವೈದ್ಯರಿಲ್ಲದಿದ್ದರೆ ಜಿಲ್ಲೆಯ ಊರಿಗೆ ಬಾಡಿಗೆಯ ಗಾಡಿ, ಅದಕ್ಕೆ ಸಾಲ, ಸಾಲಕ್ಕೆ ಬಡ್ಡಿ, ಬಡ್ಡಿಗಾಗಿ ಗುಳೆ. ಗುಳೆ ಹೋದ ಮನೆಯ ಹಿರಿಯ ಹುಡುಗಿ ಶಾಲೆಯನ್ನು ಬಿಟ್ಟು ಕಟ್ಟಡದ ನೆರಳಿನಲ್ಲಿ ತಮ್ಮನನ್ನು ಆಡಿಸುವಳು. ನಾಳೆ ಅವಳ ದುಡಿಮೆಯೂ ತಾಯಿಯದರಷ್ಟೇ. ಇವೊಂದೂ ಸರ್ಕಾರದ ಆದಾಯದ ಪಟ್ಟಿಯಲ್ಲಿ ಹೀಗೆ ಬಿಡಿಬಿಡಿಯಾಗಿ ಕಾಣುವುದಿಲ್ಲ.

ರಸ್ತೆಗಳೇನೋ ಆಗಿವೆ. ಮಾಲು ಸಾಗುವ ಮೊದಲೇ ಆ ರಸ್ತೆಯಲ್ಲಿ ಆಳುಗಳು ಸಾಗಿಬಿಟ್ಟರೆಂಬುದು ಬೇರೆ ಮಾತು! ಮಂಡಲಿಯ ಹಣದಲ್ಲಿ ಮೊದಲ ಪಾಲು, ಗುಳೆಯ ತಿಂಗಳುಗಳಲ್ಲಿ ಮಕ್ಕಳನ್ನು ಊರಿನಲ್ಲಿಯೇ ಇರಿಸಿಕೊಂಡು ಓದಿಸುವ ವಸತಿನಿಲಯಗಳಿಗೂ, ಹಳ್ಳಿಯಲ್ಲಿಯೇ ವಾಸಿಸುವ ಉಪಾಧ್ಯಾಯರ, ದಾದಿಯರ ಮನೆಗಳಿಗೂ ಸಲ್ಲಬೇಕೆಂದು ನಾವು ಕೇಳುವೆವು. ಸಭಾಭವನಗಳು ಆಮೇಲೆ ಆಗಲಿ.